ಜೇಬು

ಕರೆಂಟು ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಬರೆದೆ:
ಪ್ರೊಸೆಸರು ಏಳೂವರೆ, ಬೋರ್ಡು ಐದು ಸಾವಿರದ ಚಿಲ್ಲರೆ,
ರ‍್ಯಾಮಿನ ಜಾಗ ಖಾಲಿ, ಅದರ ದರ ದಿನಕ್ಕೊಂದು.
ಗ್ರಾಫಿಕ್ಸ್ ಕಾರ್ಡಿನ ಮುಂದೆ ಪ್ರಶ್ನೆ ಚಿಹ್ನೆ.
ಗೆರೆ ಎಳೆದು ಕೆಳಗೆ, ಇರುವುದು: ಮೂವತ್ತೊಂದು ಸಾವಿರ.
ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ
ಹದಿನಾಲ್ಕು ತಿಂಗಳು
ಬೇರೆಯವರ ಅಫಿಡವಿಟ್ಟು ಟೈಪು ಮಾಡಿದ್ದು.

ಬಿ.ಎಂ. ರಸ್ತೆಯ ಗಾಜಿನ ಅಂಗಡಿಯಲ್ಲಿ
ರೆಡಿ ಡಬ್ಬ ಕೂತಿತ್ತು, ಹೊಟ್ಟೆಯೊಳಗೆ
ಆರ್ಕೆಸ್ಟ್ರಾ ಸ್ಟೇಜಿನ ಹಾಗೆ ಕೆಂಪು ನೀಲಿ ದೀಪ.
"ಐವತ್ತೆಂಟು ಸಾವಿರ. ತಗೊಂಡೋಗಿ, ಪ್ಲಗ್ ಹಾಕಿ, ಅಷ್ಟೇ.
ತಮ್ಮನಿಗಾ?"
"ನನಗೇ."
ಅವನು ಒಮ್ಮೆ ನನ್ನ ಚಪ್ಪಲಿ ನೋಡಿ
ಕಂತಿನ ಹಾಳೆ ಮಡಚಿಟ್ಟ.

ಕಾರ್ಡು ಹುಡುಕಿಕೊಟ್ಟವನು ಪೆನ್ಷನ್ ಮೊಹಲ್ಲಾದ ಇಲಿಯಾಸ್.
"ಸೈಬರ್ ಸೆಂಟರಲ್ಲಿ ಮೂರು ವರ್ಷ ದುಡಿದಿದೆ.
ಫ್ಯಾನು ಕೆಮ್ಮುತ್ತೆ. ಸಾಯಲ್ಲ."
ಕ್ಯಾಬಿನೆಟ್ಟು ಯಾವುದೋ ಬ್ಯಾಂಕು ಎಸೆದದ್ದು,
ಸ್ವತ್ತು ಸಂಖ್ಯೆ ೨೧೭ ಎಂಬ ಚೀಟಿ
ಉಗುರಿಗೆ ಬರಲಿಲ್ಲ, ಸೀಮೆಎಣ್ಣೆಗೂ ಬರಲಿಲ್ಲ.

ಅಮ್ಮ ಏಳು ಗಂಟೆಗೆ ಗಾರ್ಮೆಂಟ್ಸಿನ ಬಸ್ಸಿಳಿದು ಬಂದಳು.
ಹನ್ನೊಂದು ವರ್ಷದಿಂದ ಅವಳು ಹೊಲಿಯುವುದು ಎಡಗಡೆ ಜೇಬು.
ಗಂಟೆಗೆ ತೊಂಬತ್ತು.
ತೋಳು ಬೇರೊಬ್ಬಳದ್ದು, ಕಾಲರು ಹಿಂದಿನ ಸಾಲಿನವಳದ್ದು.
ಅಲ್ಲಿ ಅವಳ ಹೆಸರೇ ಜೇಬು ನೇತ್ರಮ್ಮ.
ಪೂರ್ತಿ ಅಂಗಿ ಅವಳ ಕಣ್ಣಿಗೆ ಬೀಳುವುದು
ರಟ್ಟಿನ ಡಬ್ಬಕ್ಕೆ ಇಳಿಯುವಾಗ, ದೂರದಿಂದ.

ಚಾಪೆಯ ಮೇಲೆ ಹರಡಿದ್ದನ್ನು ದಾಟಿ ಅನ್ನಕ್ಕಿಟ್ಟಳು.
"ಎಲ್ಲಾ ನೀನೇ ಜೋಡಿಸ್ತೀಯಾ? ಮೊದಲಿಂದ ಕೊನೆವರೆಗೂ?"
ಮತ್ತೆ ಕೇಳಲಿಲ್ಲ.

ರಾತ್ರಿ ಒಂದಕ್ಕೆ ಸ್ವಿಚ್ಚು ಒತ್ತಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಮತ್ತೆ ಒತ್ತಿದೆ. ಕಪ್ಪು.
ಮೂವತ್ತೊಂದು ಸಾವಿರ ಹೊಟ್ಟೆಯಲ್ಲಿ ತಣ್ಣಗಾಯಿತು.
ಗಾಜಿನ ಅಂಗಡಿಯವನ ನಗು ಕೇಳಿಸಿತು,
ಪಾಪ, ಅವನು ನಕ್ಕೇ ಇರಲಿಲ್ಲ.

"ಬಿಚ್ಚು" ಅಂದಳು ಅಮ್ಮ, ಹೊದಿಕೆಯೊಳಗಿಂದ.
"ಹೊಲಿಗೆ ಬಿಚ್ಚೋಕೆ ಹೆದರೋಳು
ಹೊಲಿಯೋಕೆ ಕೂರಬಾರದು ಸಿಂಚು."
ಎದ್ದು ಬಂದು, ನಾನು ಮೆತ್ತಗೆ ಇಟ್ಟಿದ್ದ ರ‍್ಯಾಮಿನ ಪಟ್ಟಿಯ ಮೇಲೆ
ಸೂಜಿ ಕಚ್ಚಿದ ಹೆಬ್ಬೆರಳು ಊರಿದಳು.
ಟಿಕ್.
"ಬಾಬಿನ್ನು ಕೂತಾಗ ಇದೇ ಸದ್ದು."

ಬೆಳಕು ಬಂತು. ಅವಳ ಮುಖಕ್ಕೂ ಸ್ವಲ್ಪ.

ನಾನು ಕುಣಿದೆ, ಬೀಗಿದೆ:
"ಅಂಗಡಿ ಡಬ್ಬದಲ್ಲಿ ಏನಿದೆ ಹೇಳು, ಯಾರೋ ಜೋಡಿಸಿದ್ದು!"
"ಯಾರೋ ಅಂದ್ರೆ?" ಅಂದಳು.
"ದಿನವೆಲ್ಲ ಒಂದೇ ಸ್ಕ್ರೂ ತಿರುಗಿಸೋಳು
ಅಲ್ಲೂ ಒಬ್ಬಳು ಇರ್ತಾಳಲ್ಲ. ಅವಳಿಗೂ ಸೊಂಟ ಹಿಡಿಯುತ್ತೆ."
ನಾನು ಸುಮ್ಮನಾದೆ. ಕಾರ್ಡು ಕೆಮ್ಮಿತು.

ಭಾನುವಾರ ಅವಳು ಮನೆಯ ಮಿಷನ್ನಿನಲ್ಲಿ
ಧೂಳಿಗೊಂದು ಗೌಸು ಹೊಲಿದಳು, ತುಂಡು ಬಟ್ಟೆ ಸೇರಿಸಿ:
ಬೆನ್ನು, ಪಕ್ಕ, ಅಂಚು, ದಾರ, ಎಲ್ಲ ಒಂದೇ ಕೈ.
ತೊಡಿಸಿ ನೋಡಿದರೆ
ಎಡಗಡೆ ಒಂದು ಜೇಬು.

"ಇದ್ಯಾಕಮ್ಮ?"
"ಗೊತ್ತಿಲ್ಲ ಕಣೆ. ಕೈ ನಿಲ್ಲಲಿಲ್ಲ."

ಎಲ್ಲ ಮುಗಿದ ಮೇಲೂ ಒಂದು ಸ್ಕ್ರೂ ಉಳಿದಿತ್ತು,
ಎಲ್ಲಿಯದೆಂದು ಇವತ್ತಿಗೂ ತಿಳಿಯದು.
ಅದನ್ನು ಅದರೊಳಗೆ ಹಾಕಿದೆ.