ಬಿಸಿಲಿನ ಬಾಬ್ತು

ಬ್ಯಾಂಕಿನಿಂದ ಬಂದ ಹುಡುಗ ಸಂಘದ ಪುಸ್ತಕ ತಿರುವಿ ಕೇಳಿದ:
‘ಸೌದೆ, ಗ್ಯಾಸು, ಕರೆಂಟು — ಈ ಕಲಮುಗಳೆಲ್ಲ
ಯಾಕೆ ಖಾಲಿ, ನೀಲಾವತಿಯವರೇ?
ಉರುವಲಿಲ್ಲದೆ ಏನಾದರೂ ಬೇಯುತ್ತದೆಯೇ?’

ಖಾಲಿಯಲ್ಲ ಸಾರ್, ಸೊನ್ನೆ ಹಾಕಿದ್ದೇನೆ.
ಪೆನ್ನು ಮೂಡಿಲ್ಲ ಅಷ್ಟೆ.

ಬನ್ನಿ, ಅಂಗಳಕ್ಕೆ ಬನ್ನಿ. ಚಪ್ಪಲಿ ಕಾಲಲ್ಲೇ ಇರಲಿ,
ಹಾಲಿನ ಡೇರಿಯ ಸಿಮೆಂಟು ಇದು,
ಈ ಹೊತ್ತಿಗೆ ಬರಿಗಾಲಿಟ್ಟರೆ ಚುರ್ರೆನ್ನುತ್ತದೆ.
ಆರು ಪೆಟ್ಟಿಗೆ. ಒಳಗೆ ಕಪ್ಪು, ಮೇಲೆ ಜೋಡಿ ಗಾಜು,
ಮುಚ್ಚಳಕ್ಕೆ ಕನ್ನಡಿ.
ಮೊದಲ ತಿಂಗಳು ಇದರಲ್ಲಿ ಬೇಯಿಸಿದ್ದಕ್ಕಿಂತ
ಬೈತಲೆ ತೆಗೆದುಕೊಂಡದ್ದೇ ಹೆಚ್ಚು.

ಮೂರನೆಯದರ ಮೂಲೆ ಒಡೆದದ್ದು ಮಂಗ.
ಇದು ಹಲ್ಲು ಕಿರಿಯಿತು,
ಒಳಗಿನದೂ ಕಿರಿಯಿತು. ಜಗಳ.
ನೂರಾ ಎಂಬತ್ತು ರೂಪಾಯಿ — ನೋಡಿ, ಬರೆದಿದ್ದೇನೆ:
‘ಮಂಗನ ಬಾಬ್ತು, ಕನ್ನಡಿ ರಿಪೇರಿ.’

ಅಗೋ, ಕಂಬದ ನೆರಳಿನ ಜೊತೆ ಸರಿಯುತ್ತ ಕೂತವರು
ಗುತ್ಯಮ್ಮ. ನಲವತ್ತು ವರ್ಷ ತಲೆಹೊರೆ ಹೊತ್ತವರು.
ಮತ್ತಿ ನಿಧಾನ ಉರಿಯುತ್ತದೆ,
ಹಸಿ ಹೊನ್ನೆ ಅಳಿಸುತ್ತದೆ,
ಕಾಸರಕದ ಹೊಗೆ ತಲೆಗೇರುತ್ತದೆ —
ಯಾರ ಒಲೆಯಲ್ಲಿ ಯಾವ ಮರ ಅಂತ
ಬೀದಿಯಲ್ಲೇ ಮೂಸಿ ಹೇಳುತ್ತಿದ್ದರು.
ಬಿಸಿಲಿಗೆ ವಾಸನೆಯೇ ಇಲ್ಲವಲ್ಲ ಎಂದು
ಪೆಟ್ಟಿಗೆಯನ್ನು ಒಂದು ವಾರ ನಂಬಲಿಲ್ಲ.

ಈಗ ನಮ್ಮ ಗಡಿಯಾರ ಅವರೇ.
ನೆರಳು ಗೇಣಷ್ಟು ಸರಿದರೆ ‘ತಿರುಗಿಸ್ರೇ’ ಅನ್ನುತ್ತಾರೆ.
ಆರು ಜನ ಎದ್ದು ಆರು ಪೆಟ್ಟಿಗೆಗಳ ಮುಖವನ್ನು
ನಿದ್ದೆಹೋದ ಮಗುವಿನ ತಲೆಯ ಹಾಗೆ
ಮೆಲ್ಲಗೆ ಪಡುವಣಕ್ಕೆ ಹೊರಳಿಸುತ್ತೇವೆ.

ಮರಕ್ಕಿದ್ದಂತೆ ಬಿಸಿಲಿಗೂ ಜಾತಿ ಉಂಟಂತೆ:
ಎಳೆಬಿಸಿಲಿಗೆ ಪೆಟ್ಟಿಗೆ ಕಾಯಲಿ, ಏನೂ ಇಡಬೇಡಿ.
ಹತ್ತೂವರೆಯದಕ್ಕೆ ರಾಗಿ ಬಿಸ್ಕತ್ತು.
ನೆತ್ತಿಯ ಬಿಸಿಲಿಗೆ ನೆಲಗಡಲೆ, ಸಿಪ್ಪೆ ತಾನೇ ಬಿಡುತ್ತದೆ.
ಮಳೆ ನಿಂತು ಇಣುಕುವ ಹೂಬಿಸಿಲಿದೆಯಲ್ಲ,
ಅದಕ್ಕೆ ಒಂದು ಮೊಟ್ಟೆಯೂ ಬೇಯುವುದಿಲ್ಲ.
‘ನೋಡೋಕೆ ಚೆಂದ, ನನ್ನ ಮೊದಲನೇ ಗಂಡನ ಹಾಗೆ.’

ಕುಂಸಿ ಸ್ಟೇಷನ್ನಿನಲ್ಲಿ ತಾಳಗುಪ್ಪದ ರೈಲು
ನಿಂತಿತು ಅನ್ನುವಷ್ಟರಲ್ಲಿ ಹೊರಡುತ್ತದೆ.
ಕಿಟಕಿ ಕಿಟಕಿಗೆ ಓಡುವುದು ಫರೀದಾ,
ಚಿಲ್ಲರೆಗೆ ಕೈ ಒಡ್ಡಿಕೊಂಡೇ.
ಮೊದಲ ಪಾಲಿನಲ್ಲಿ ಅವಳು ಚಾಳೀಸು ಕೊಂಡಳು.
ಹಾಕಿ ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ,
ಕಡಲೆಯಲ್ಲಿ ಕಲ್ಲಿದೆಯೇ ಅಂತ.
ಇತ್ತು.

ಪುಟ ತಿರುವಿ. ಹೌದು, ಜೂನಿನಿಂದ ಏನಿಲ್ಲ.
ಇದು ಮಾತ್ರ ಸೊನ್ನೆಯಲ್ಲ, ನಿಜಕ್ಕೂ ಖಾಲಿ.
ನಾಲ್ಕು ತಿಂಗಳು ಪೆಟ್ಟಿಗೆಗಳು ಡೇರಿಯ ಅಟ್ಟದ ಮೇಲೆ;
ಹೋದ ವರ್ಷ ಒಂದರಲ್ಲಿ ಬೆಕ್ಕು ಮರಿ ಹಾಕಿತ್ತು.
ನಾವು ನಾಟಿಗೆ ಹೋಗುತ್ತೇವೆ,
ಸಂಜೆ ಬಂದು ಮತ್ತೆ ಊದುಗೊಳವೆ ಹಿಡಿಯುತ್ತೇವೆ.
ಬಾಗಿಲಾಚೆಯಿಂದಲೇ ಗುತ್ಯಮ್ಮ:
‘ನೀಲಾ, ಇವತ್ತು ಹೊನ್ನೆಯೇನೇ?’
ಹೊನ್ನೆಯೇ. ಕಣ್ಣು ಒರೆಸಿಕೊಂಡು ಹೂಂ ಅನ್ನುತ್ತೇನೆ.

ಬಿಸಿಲು ನಮ್ಮನ್ನು ಉದ್ಧಾರ ಮಾಡಿತು ಅಂತ
ಅರ್ಜಿಯಲ್ಲಿ ಬರೆಯಲು ಹೇಳಿದರು ಯಾರೋ. ಬರೆಯಲಿಲ್ಲ.
ಎಂಟು ತಿಂಗಳು ಹೊಗೆಯಿಲ್ಲ,
ತಲೆಗೆ ತಿಂಗಳಿಗೆ ಸಾವಿರದ ಎಂಟುನೂರು,
ಮೋಡ ಬಂದ ದಿನ ಅರೆಬೆಂದ ಬಿಸ್ಕತ್ತು ನಮ್ಮ ಮಕ್ಕಳಿಗೆ.
ಇಷ್ಟು ಬರೆದಿದ್ದೇನೆ.
ಕೇಳುವುದು ಇನ್ನೆರಡು ಪೆಟ್ಟಿಗೆಗೆ ಸಾಲ,
ಮಳೆಗಾಲಕ್ಕೆ ಕಂತು ಬೇಡ ಅನ್ನುವ ಒಂದು ಸಾಲು.
ಸೂರ್ಯನಿಗೇ ರಜೆ ಇರುವಾಗ
ನಿಮ್ಮ ಬಡ್ಡಿಗೆ ಯಾಕೆ ಇರಬಾರದು?

ಏನಂತೀರಿ?
ತಡೆಯಿರಿ, ಮಾತು ಆಮೇಲೆ.
ನೆರಳು ಮೆಟ್ಟಿಲು ಮುಟ್ಟಿತು, ಗುತ್ಯಮ್ಮ ಕೂಗುತ್ತಿದ್ದಾರೆ.
ಫರೀದಾ ಇವತ್ತು ಬಂದಿಲ್ಲ, ಒಂದು ಕೈ ಕಡಿಮೆ.
ಆ ಪುಸ್ತಕ ಕೆಳಗಿಟ್ಟು
ಈ ಕಡೆಯ ತುದಿ ಹಿಡಿಯಿರಿ ಸಾರ್.
ಬರಿಗೈಯಲ್ಲಿ ಬೇಡ, ಬಟ್ಟೆ ತಗೊಳ್ಳಿ —
ಸೊನ್ನೆ ಸುಡುತ್ತದೆ.