ಬಿಸಿ ಬಲಕ್ಕೆ

ಗೋಪಾಳದ ಕೊನೆ ಬಸ್‌ಸ್ಟಾಪಿನ ಹಿಂದಿನ ಮನೆ.
ಬಿಸಿನೀರು ಬರುವ ಹೊತ್ತಿಗೆ ಒಂದೂವರೆ ಬಕೆಟ್ ತಣ್ಣೀರು
ಸುಮ್ಮನೆ ಮೋರಿಗೆ ಹೋಗುತ್ತದೆ ಎಂದು ದೂರು.
ಗೋಡೆಗೆ ಕಿವಿಯಿಟ್ಟೆ.
ಎಲ್ಲೋ ಒಳಗೆ ಸಣ್ಣಗೆ, ಮಗು ಚೀಪಿದ ಹಾಗೆ, ಸದ್ದು.

ಉಳಿ ಇಟ್ಟು ಎರಡೇಟು. ಟೈಲ್ಸು ಬಂತು,
ಅದರ ಹಿಂದೆ ಹಳೆಯ ಗಾರೆ,
ಗಾರೆಯ ಹಿಂದೆ ಜಿಐ ಪೈಪು,
ತುಕ್ಕು ತುಂಬಿ ತುಂಬಿ ಒಳಬಾಯಿ ಕಿರುಬೆರಳಷ್ಟಾಗಿದೆ.
ಎಲ್ಬೋದ ಜಾಯಿಂಟು ಮಾತ್ರ ಒಂದು ಹನಿ ಬಿಟ್ಟಿಲ್ಲ.
ಸಣಬಿನ ನೂಲು, ಬಿಳಿ ಸಫೇದ,
ಸುತ್ತಿ ಮುಗಿಸಿದ ಕಡೆ ಒಂದು ಗಂಟು.
ಯಾರೂ ಹಾಕುವುದಿಲ್ಲ ಆ ಗಂಟು. ಬೇಕಾಗಿಯೂ ಇಲ್ಲ.

ದಸ್ತಗೀರ್ ಸಾಬರು ಹಾಕುತ್ತಿದ್ದರು.

ಎಡಚರು. ರೆಂಚು ಎಡಗೈಯಲ್ಲಿ, ಬೀಡಿ ಬಲಗೈಯಲ್ಲಿ.
ಹದಿನಾಲ್ಕರ ನನ್ನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು
ದುರ್ಗಿಗುಡಿ, ಹೊಸಮನೆ, ಆಲ್ಕೊಳ ಅಂತ ತಿರುಗಿಸಿದರು,
ಹೆಗಲಿಗೆ ಡೈ ಸೆಟ್ಟಿನ ಚೀಲ.
“ತಣ್ಣೀರು ಕೆಳಗಿಂದ ಹೊಗಲಿ ತಿಪ್ಪೇಶ, ಬಿಸಿ ನೆತ್ತಿಯಿಂದ ಹೊರಡಲಿ.
ಕಾದದ್ದು ತಾನಾಗಿ ಮೇಲೇಳುತ್ತೆ, ನೀನು ದಾರಿ ಬಿಡು, ಸಾಕು.
ಮೇಲೊಂದು ಉಸಿರುಕೊಳವೆ ಮರೀಬೇಡ.
ಉಸಿರು ಕಟ್ಟಿದರೆ ಸಿಲಿಂಡರೂ ಅಷ್ಟೆ, ಮನುಷ್ಯನೂ ಅಷ್ಟೆ.”
ಅವರು ಹೋದದ್ದೂ ಉಸಿರು ಕಟ್ಟಿಯೇ, ಮೆಗ್ಗಾನಿನ ವಾರ್ಡಿನಲ್ಲಿ.
ನಾನಾಗ ಸಾಗರದ ಯಾವುದೋ ಲಾಡ್ಜಿನ ಟ್ಯಾಂಕಿಗೆ
ವಾಲ್ವ್ ಕೂರಿಸುತ್ತಿದ್ದೆ.

ಈಗ ಇಲ್ಲಿ, ಅವರ ಕೆಲಸ ಕಿತ್ತು ಸಿಪಿವಿಸಿ ಎಳೆಯುತ್ತಿದ್ದೇನೆ.
ಅಳೆದೆ, ಕೊಯ್ದೆ, ಅಂಟು ಸವರಿ ಕಾಲು ಸುತ್ತು ತಿರುಗಿಸಿ ಹಿಡಿದೆ.
ನೂಲಿಲ್ಲ, ಗಂಟಿಲ್ಲ, ಮೂವತ್ತು ಎಣಿಸಿದರೆ ಮುಗಿಯಿತು.
ಸುತ್ತುಬಳಸು ಬಿಟ್ಟು ನೇರ ಇಳಿಸಿದ್ದಕ್ಕೆ
ಏಳು ಅಡಿ ಪೈಪು ಉಳಿಯಿತು.
ಆಮೇಲೆ ನಲ್ಲಿ ಕೂರಿಸುವಾಗ ಕಂಡದ್ದು:
ಬಿಸಿ ಬಲಕ್ಕಿದೆ. ತಣ್ಣೀರು ಎಡಕ್ಕೆ.
ಸಾಬರೇ, ಬಿಸಿ ಯಾವಾಗಲೂ ಎಡಕ್ಕೆ ಎಂದು
ನನಗೆ ಕಲಿಸಿದವರು ನೀವೇ ಅಲ್ಲವೆ?
ಮೂವತ್ತು ವರ್ಷ ಈ ಮನೆಯಲ್ಲಿ ಒಬ್ಬರೂ ಕೇಳಲಿಲ್ಲವೆ?

ತಿದ್ದಿಬಿಡೋಣವೆಂದು ಎರಡು ಎಲ್ಬೋ ಕೈಗೆತ್ತಿಕೊಂಡೆ.
ಅಷ್ಟರಲ್ಲಿ ಮನೆಯಾಕೆಯ ನಾದಿನಿ, ಮುಕ್ತಾಬಾಯಿ,
ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಎಸ್‌ಟಿಡಿ ಬೂತು ನಡೆಸಿದವರು,
ಲೈಟು ಹಾಕದೆ ಒಳಗೆ ಬಂದರು.
ಬಾಗಿಲಿಂದ ಎರಡು ಹೆಜ್ಜೆ, ಗೋಡೆಗೆ ಅಂಗೈ,
ಅಂಗೈ ಬಲಕ್ಕೆ ಜಾರಿ
ನಲ್ಲಿ ಇರಬೇಕಾದ ಬರಿಯ ತೂತಿನ ಮೇಲೆ ನಿಂತಿತು.
“ಬಿಸಿ ಇಲ್ಲೇ ತಾನೆ ಇರೋದು?”

ಎಲ್ಬೋ ಎರಡನ್ನೂ ಚೀಲಕ್ಕೆ ಹಾಕಿದೆ.
“ಇಲ್ಲೇ ಅಕ್ಕ.”

ಗಾರೆ ಮೆತ್ತುವ ಮೊದಲು ಕಿವಿಯ ಪೆನ್ಸಿಲು ತೆಗೆದು
ಒಳಗಿನ ಇಟ್ಟಿಗೆಯ ಮೇಲೆ ಬರೆದೆ, ಮುಂದೆ ಒಡೆಯುವವನಿಗೆ:
ಬಿಸಿ ಬಲಕ್ಕೆ. ತಿದ್ದಬೇಡ.
ಹೆಸರು ಹಾಕಲಿಲ್ಲ.

ಹಳೆ ಎಲ್ಬೋ ಗುಜರಿಗೆ ಹಾಕಿದರೆ ಹನ್ನೆರಡು ರೂಪಾಯಿ ಸಿಗಬಹುದು.
ಗಾಡಿಯ ಡಿಕ್ಕಿಯಲ್ಲಿ ಇನ್ನೂ ಇದೆ, ಗಂಟಿನ ಸಮೇತ.