ಬೀಳು ನನ್ನದು

ಬ್ರೋಕನ್ ಹಿಲ್, ಆಕ್ಸೈಡ್ ಬೀದಿ. ಈ ಊರಿನಲ್ಲಿ
ಬೀದಿಗಳಿಗೂ ಅದಿರಿನ ಹೆಸರು. ವಾರಿಕ್ ಪೆಂಗೆಲಿ ಹುಟ್ಟಿದ್ದು ಇಲ್ಲೇ,
ಗಣಿಯ ಸೀಟಿಗೆ ಗಡಿಯಾರ ಹೊಂದಿಸುತ್ತಿದ್ದ ಮನೆಯಲ್ಲಿ.
ಅರವತ್ತಮೂರಕ್ಕೆ ಮರಳಿದ್ದಾನೆ:
ಒಂದು ಮಡಚುವ ಕುರ್ಚಿ, ಓದುವ ಕನ್ನಡಕ,
ಬಾಡಿಗೆಗೆ ತಂದ ಒಂದೇ ಕ್ಯಾಮೆರಾ.

ನಾನು ಡೆಸ್. ನನ್ನನ್ನು ನೀವು ನೋಡಿದ್ದೀರಿ,
ನೋಡಿಲ್ಲ.
ರೈಲಿನ ಮೇಲಿಂದ ಸೇತುವೆಗೆ ಹಾರಿದ ಬೆನ್ನು ನನ್ನದು,
ಉರಿಯುವ ಲಾರಿಯಿಂದ ಉರುಳಿದ ಕೋಟಿನೊಳಗೆ ನಾನು.
ಆಮೇಲೆ ತಿರುಗಿ ನಕ್ಕ ಮುಖ ಅವನದು.
ಮೊದಲ ಚಿತ್ರದಲ್ಲಿ ಅವನಿಗೆ ಹನ್ನೊಂದು ಮಾತು,
ನಲವತ್ತು ಹೊಡೆದಾಟ. ನನಗೆ ಒಂದು ಟೋಪನ್ನು.
ಅವನ ಏಳುಬೀಳಿನ ಬಗ್ಗೆ ಜನ ಬರೆದಾಗೆಲ್ಲ ನನಗೆ ನಗು:
ಏಳು ಅವನದಾಗಿತ್ತು,
ಬೀಳು ನನ್ನದು.

ಸುಳ್ಳು ಹೇಳಬಾರದು. ಎಡ ಮೊಣಕಾಲಿಗೆ ಅವನೇ ದುಡ್ಡು ಕೊಟ್ಟ,
ಬಲಕ್ಕೆ ವಿಮೆ ಕೊಟ್ಟಿತು.
ಅಡಿಲೇಡಿನ ಆಸ್ಪತ್ರೆಗೆ ದ್ರಾಕ್ಷಿ ತಂದು
ಮಾತಾಡುತ್ತ ತಾನೇ ಮುಗಿಸಿ ಹೋಗುತ್ತಿದ್ದ.
ಆಮೇಲೆ ಬೇರೆ ಹುಡುಗರು ಬಂದರು,
ಬೀಳುವುದನ್ನೂ ಕಂಪ್ಯೂಟರು ಕಲಿತಿತು.
ಪೋಸ್ಟರಿನಲ್ಲಿ ಅವನ ಹೆಸರು
ಒಂದೊಂದೇ ಮೆಟ್ಟಿಲು ಇಳಿಯಿತು. ಆ ಬೀಳಿಗೆ ಮಾತ್ರ
ನನ್ನನ್ನು ಯಾರೂ ಕರೆಯಲಿಲ್ಲ.
ಮೊದಲು ನಿರ್ದೇಶಿಸಿದ ಚಿತ್ರದಲ್ಲಿ ಮೂರು ಹೆಲಿಕಾಪ್ಟರ್ ಸುಟ್ಟ,
ಸಿಡ್ನಿಯ ಮನೆಯನ್ನೂ.

ಇದು ಎರಡನೆಯದು.
ಗಣಿ ಬಿಟ್ಟ ಮುದುಕನೊಬ್ಬ ಅಡುಗೆಮನೆಯಲ್ಲಿ ಬೀಳುತ್ತಾನೆ.
ಅಷ್ಟೆ. ಕಿಟಕಿಯಾಚೆ ಗಣಿಕಸದ ಕರಿಗುಡ್ಡ.
'ಆ್ಯಕ್ಷನ್' ಅನ್ನಲು ಅವನಿಗೀಗ ಬಾಯಿ ಬರುವುದಿಲ್ಲ,
'ಹೂಂ, ಆಗಲಿ' ಅನ್ನುತ್ತಾನೆ,
ಮಗು ಮಲಗಿದ ಮನೆಯಲ್ಲಿ ಮಾತಾಡುವ ಹಾಗೆ.
ಮೆಲ್ಬರ್ನಿನಿಂದ ಬಂದ ರಂಗನಟ, ಪಾಪ,
ಬೀಳುವ ಮುಂಚೆ ನೆಲ ನೋಡುತ್ತಿದ್ದ.
'ಡೆಸ್, ಸ್ವಲ್ಪ ತೋರಿಸು.'
ಅವನ ಸ್ವೆಟರ್ ನನಗೆ ತೊಡಿಸಿದರು;
ಇನ್ನೊಬ್ಬರ ಬಟ್ಟೆ ನನಗೇನು ಹೊಸದೇ?

ತೋರಿಸಿದೆ. ಭುಜ, ಸೊಂಟ, ಅಂಗೈ: ಬೆಕ್ಕಿನ ಹಾಗೆ.
ಲೈಟಿನ ಹುಡುಗಿ ಚಪ್ಪಾಳೆ ತಟ್ಟಿದಳು.
ವಾರಿಕ್ ಕನ್ನಡಕ ತೆಗೆದು ಅಂಗಿಗೆ ಒರೆಸಿದ.
'ಚೆನ್ನಾಗಿ ಬಿದ್ದೆ. ಅದೇ ತಪ್ಪು.
ನಮ್ಮಪ್ಪ ಬಿದ್ದಾಗ ಕೈಯಲ್ಲಿ ಸಕ್ಕರೆ ಡಬ್ಬಿ ಇತ್ತು,
ಅದನ್ನು ಬಿಡಲಿಲ್ಲ.'

ಮತ್ತೆ ಬಿದ್ದೆ. ಮತ್ತೆ.
ಸಕ್ಕರೆ ಗುಡಿಸಿದರು, ಇರುವೆಗಳಿಗೆ ಸುದ್ದಿ ಮುಟ್ಟಿತು.
ಹದಿನಾಲ್ಕಾದ ಮೇಲೆ ಊಟಕ್ಕೆ ಬಿಡಿ ಎಂದ,
ಕ್ಯಾಮೆರಾ ನಿಲ್ಲಿಸಿ ಎನ್ನಲು ಮರೆತನೋ ಏನೋ.
ಡಬ್ಬಿಯನ್ನು ಅದರ ಜಾಗಕ್ಕೆ ಇಡಲು ಹೋದೆ.
ಬಲ ಮೊಣಕಾಲು, ವಿಮೆಯದು,
ಹೇಳದೆ ಕೇಳದೆ ಕೈಕೊಟ್ಟಿತು.

ಕೆನ್ನೆಗೆ ತಣ್ಣನೆ ಲಿನೋಲಿಯಂ. ತುಟಿಗೆ ಸಿಹಿ.
ಮೂವತ್ತೆಂಟು ವರ್ಷ ಬಿದ್ದವನಿಗೆ
ಬೀಳುತ್ತಿದ್ದೇನೆಂದು ಗೊತ್ತಾಗದೆ ಹೋದದ್ದು ಅದೊಂದೇ ಸಲ.
ಯಾರೋ ಓಡಿಬರಲಿದ್ದರು, ಅವನು ಕೈ ಅಡ್ಡ ಹಿಡಿದ.
ಕೆಂಪು ದೀಪ ಉರಿಯುತ್ತಲೇ ಇತ್ತು.
ಆ ಕೈಯ ಮೇಲೆ ನನಗಿನ್ನೂ ಸಿಟ್ಟಿದೆ.

ಆಮೇಲೆ ತಾನೇ ಬಂದು ಸಕ್ಕರೆಯ ಮೇಲೆ ಕೂತ,
ಅವನ ಮಂಡಿಯೂ ಲಟಕ್ ಅಂತು.
'ಈ ಸಲ ನಿನ್ನ ಮುಖ ಸಿಕ್ಕಿದೆ,' ಅಂದ. 'ಇಟ್ಟುಕೊಳ್ಳಲಾ?'
'ಮೊದಲು ಕೈ ಕೊಡು' ಅಂದೆ.
ಕೊಟ್ಟ.
ಇಬ್ಬರಿಂದಲೂ ಏಳಲಾಗಲಿಲ್ಲ,
ಲೈಟಿನ ಹುಡುಗಿಯೇ ಬರಬೇಕಾಯಿತು.